ಗಂಟಲಿನ ತೊಂದರೆಗೆ ಎದೆ ಸ್ಕ್ಯಾನ್ ಯಾಕೆ?

ತಾಯಿಯ ದನಿ ಎರಡು ತಿಂಗಳಿಂದ ಒಡೆದಿದೆ, ಇಎನ್‌ಟಿ ಡಾಕ್ಟರು ಕ್ಯಾಮೆರಾ ಹಾಕಿ ನೋಡಿ ಎಡಗಡೆ ವೋಕಲ್ ಕಾರ್ಡ್ (ದನಿ ಹೊರಡಿಸುವ ಗಂಟಲಿನ ಪಟ್ಟಿ) ಅಲ್ಲಾಡುತ್ತಿಲ್ಲ ಅಂದರು, ಆಮೇಲೆ ಎದೆವರೆಗೂ ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರು, ಇದು ದುಡ್ಡು ಕೀಳುವ ದಾರಿನಾ ಅಂತ ಕೇಳಿದ್ದೀರಿ. ಅಲ್ಲ. ಮಾಡಿಸಿ.

ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಲಿ ಅಂಗಡಿಯಲ್ಲಿ ಇರುವವನು. ಕೂಗುವುದೇ ಕೆಲಸ. ದನಿ ಹೋದಾಗ ಧೂಳಿಗೆ ಹೀಗಾಗಿದೆ ಅಂತ ಸುಮ್ನೆ ಸಿರಪ್ ಕುಡಿದುಕೊಂಡು ಇದ್ದೆ. ಮಾತಾಡಿದರೆ ಬರೀ ಗಾಳಿ. ಮುದ್ದೆ ಸಲೀಸಾಗಿ ಇಳಿಯುತ್ತಿತ್ತು, ಆದರೆ ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು.

ಕೊನೆಗೆ ಡಾಕ್ಟರು ಮೂಗಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಸಣ್ಣ ಕೊಳವೆ ಇಳಿಸಿ, 'ಈ...' ಅನ್ನಿ ಅಂದರು. ಪರದೆಯ ಮೇಲೆ ಎರಡು ಬಿಳಿ ಪಟ್ಟಿ. ಬಲಗಡೆಯದು ಓಡಿ ಬಂದು ನಡುವೆ ನಿಲ್ಲುತ್ತಿತ್ತು, ಎಡಗಡೆಯದು ಜಪ್ಪಯ್ಯ ಅಂದರೂ ಮೇಲೇಳಲಿಲ್ಲ.

ಕ್ಯಾಮೆರಾ ಹೇಳುವುದು ಅಷ್ಟೇ. ಯಾಕೆ ನಿಂತಿದೆ ಅನ್ನೋದಕ್ಕೆ ಸ್ಕ್ಯಾನ್ ಬೇಕು. ಪಂಪ್‌ಸೆಟ್ ನಿಂತರೆ ನಾವು ಬರೀ ಮೋಟಾರ್ ನೋಡಿ ಬರುತ್ತೇವಾ, ಟಿಸಿ (ಟ್ರಾನ್ಸ್‌ಫಾರ್ಮರ್) ತನಕ ಲೈನ್ ನೋಡಿಕೊಂಡು ಹೋಗುತ್ತೇವೆ ಅಲ್ವಾ? ಈ ಕಾರ್ಡ್ ಅಲ್ಲಾಡಿಸುವ ನರ ತಲೆಬುರುಡೆಯ ತಳದಿಂದ ಹೊರಟು, ಕುತ್ತಿಗೆ ದಾಟಿ, ಎಡಗಡೆಯದಾದರೆ ಸೀದಾ ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಕೆಳಗೆ ಸುತ್ತು ಹಾಕಿ, ಶ್ವಾಸನಾಳದ ಪಕ್ಕದಲ್ಲೇ ಮತ್ತೆ ಗಂಟಲಿಗೆ ಹತ್ತುತ್ತದೆ. ಬಲಗಡೆಯದು ಅಷ್ಟು ಕೆಳಗೆ ಹೋಗಲ್ಲ, ಭುಜದ ಕಡೆ ಹೋಗುವ ರಕ್ತನಾಳವನ್ನು ಸುತ್ತಿ ಅಲ್ಲಿಂದಲೇ ವಾಪಸ್. ಹಾಗಾಗಿ ಶ್ವಾಸಕೋಶದ ಗಡ್ಡೆ, ಊದಿದ ಗ್ರಂಥಿ, ಉಬ್ಬಿದ ರಕ್ತನಾಳ, ಯಾವುದು ಆ ದಾರಿಯಲ್ಲಿ ಒತ್ತಿದರೂ ದನಿ ಹೋಗಬಹುದು.

ನನಗೆ ಮೊದಲು ಬರೀ ಕುತ್ತಿಗೆಗೆ ಸ್ಕ್ಯಾನ್ ಮಾಡಿ ಕಳಿಸಿದ್ದರು. ಅದು ಎದೆಗಿಂತ ಮೇಲೇ ನಿಂತಿತ್ತು, ಮತ್ತೆ ಮಾಡಿಸಬೇಕಾಯಿತು. ದುಡ್ಡು ಹೋಗಿದ್ದು ಅಲ್ಲಿ. ಚೀಟಿಯಲ್ಲಿ ತಲೆಬುರುಡೆ ತಳದಿಂದ ಎದೆವರೆಗೆ, ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ರಕ್ತನಾಳಕ್ಕೆ ಏರಿಸುವ ಔಷಧಿ) ಹಾಕಿ ಅಂತ ಇದೆಯಾ ನೋಡಿಕೊಳ್ಳಿ. ಕಾಂಟ್ರಾಸ್ಟ್ ಏರಿಸುವಾಗ ಮೈಯೆಲ್ಲ ಬಿಸಿ ಏರಿ, ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಅನ್ನಿಸುತ್ತದೆ, ಹೋಗಿರಲ್ಲ, ಅಮ್ಮನಿಗೆ ಮೊದಲೇ ಹೇಳಿಡಿ. ಶುಗರ್ ಮಾತ್ರೆ, ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಅಲ್ಲಿನವರಿಗೆ ತಿಳಿಸಿ.

ರಿಪೋರ್ಟಿನಲ್ಲಿ 'ಪೈರಿಫಾರ್ಮ್ ಸೈನಸ್ ಡೈಲೇಟೆಡ್' ಅಂತ ಕಂಡರೆ ನನ್ನ ಹಾಗೆ ರಾತ್ರಿಯೆಲ್ಲ ಗೂಗಲ್ ಮಾಡುತ್ತಾ ಕೂರಬೇಡಿ. ಕಾರ್ಡ್ ಸೋತ ಕಡೆ ಪಕ್ಕದ ಜಾಗ ಹಿಗ್ಗಿ ಕಾಣುತ್ತದೆ, ಸಾಮಾನ್ಯವಾಗಿ ಅದು ಹೊಸ ಕಾಯಿಲೆ ಅಲ್ಲ. ಒಂದು ವಿಷಯ, ಥೈರಾಯ್ಡ್ ಆಪರೇಷನ್ ಆದ ತಕ್ಷಣ ದನಿ ಹೋಗಿದ್ದರೆ ಆಪರೇಷನ್ನಿನಲ್ಲಿ ಈ ನರಕ್ಕೇ ಪೆಟ್ಟಾಗಿರುತ್ತದೆ ಅಂತ ಸಾಮಾನ್ಯವಾಗಿ ಕಾರಣ ಗೊತ್ತೇ ಇರುತ್ತದೆ, ಆಗ ಸ್ಕ್ಯಾನ್ ಬೇಕಾ ಅಂತ ಧಾರಾಳವಾಗಿ ಕೇಳಿ.

ನನ್ನ ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ. ನರ ಚೇತರಿಸಿಕೊಳ್ಳಲು 6 ತಿಂಗಳಿಂದ ಒಂದು ವರ್ಷ ಹಿಡಿಯಬಹುದು ಅಂದರು. ಸ್ಪೀಚ್ ಥೆರಪಿಗೆ ಹೋದೆ, ಈಗ ಮುಕ್ಕಾಲು ದನಿ ಬಂದಿದೆ. ನೀರು ಕುಡಿಯುವಾಗ ಗದ್ದ ಎದೆಗೆ ಬಗ್ಗಿಸಿ ಸಣ್ಣ ಗುಟುಕು ನುಂಗಿ ಅಂತ ಅವರು ಕಲಿಸಿದ್ದು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ನಿಮ್ಮ ತಾಯಿಗೂ ನೀರು ನೆತ್ತಿಗೆ ಹತ್ತುತ್ತಿದ್ದರೆ ಡಾಕ್ಟರಿಗೆ ಇವತ್ತೇ ಹೇಳಿ, ರಿಪೋರ್ಟ್ ಬರಲಿ ಅಂತ ಕಾಯಬೇಡಿ.