ಕಂಬಳಕ್ಕೆ ಯಾವ ಲೆನ್ಸ್? ಕಾಪಾ ಹೇಳಿದ ‘ಹತ್ತಿರ’ದ ಬಗ್ಗೆ ನನ್ನ ಉತ್ತರ

ಮಾರಾಯ್ರೇ, ನಮ್ಮ ಫೋಟೋ ಗುಂಪಿನಲ್ಲಿ ನಿಮ್ಮ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಹಾಗಾಗಿ ಈಗ ರಾತ್ರಿ ಕೂತು ಬರೆಯುತ್ತಿದ್ದೇನೆ.

ನೀವು ಮುಖ್ಯವಾಗಿ ಕೇಳಿದ್ದು ಇದು. ಎರಡು ಸೀಸನ್ ಕಂಬಳ ತೆಗೆದರೂ ಫೋಟೋ ಚಪ್ಪೆಯಾಗಿಯೇ ಬರುತ್ತಿದೆ, ದೂರದ್ದನ್ನು ಹತ್ತಿರ ತೋರಿಸುವ 150-600 ಲೆನ್ಸ್ ತೆಗೆದುಕೊಳ್ಳಬೇಕಾ? ಅದರ ಕೆಳಗೆ ಒಬ್ಬರು ಯುದ್ಧದ ಫೋಟೋಗಳಿಗೆ ಹೆಸರಾದ ರಾಬರ್ಟ್ ಕಾಪಾನ ಮಾತು ಹಾಕಿದ್ದಾರೆ: ಫೋಟೋ ಚೆನ್ನಾಗಿ ಬಂದಿಲ್ಲ ಅಂದರೆ ನೀನು ಸಾಕಷ್ಟು ಹತ್ತಿರ ಹೋಗಿಲ್ಲ. ಅದಕ್ಕೆ ನೀವು, ‘ಹಾಗಾದರೆ ಮಂಜೊಟ್ಟಿಗೇ (ಓಟ ಮುಗಿಯುವ ತುದಿಗೇ) ಇಳಿಯಬೇಕಾ?’ ಅಂತ ಕೇಳಿದ್ದೀರಿ. ಇನ್ನೊಬ್ಬರು ಕಾಪಾನ ಫೋಟೋಗಳೇ ಸುಳ್ಳು ಅಂದಿದ್ದಾರೆ. ಎಲ್ಲದಕ್ಕೂ ಹೇಳುತ್ತೇನೆ.

ಮೊದಲನೆಯದು, ಮಂಜೊಟ್ಟಿಗೆ ಇಳಿಯಬೇಡಿ. ಆರೇಳು ವರ್ಷದ ಹಿಂದೆ ನಾನು ಇಳಿದಿದ್ದೆ. ಓಟ ಮುಗಿಸಿ ಮೇಲೇರುವ ಕೋಣಗಳನ್ನು ವೈಡ್ ಲೆನ್ಸಿನಲ್ಲಿ ಎದುರಿನಿಂದ ಹಿಡಿಯಬೇಕು ಅಂತ ಆಸೆ. ವೈಡ್ ಲೆನ್ಸಿನಲ್ಲಿ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ. ಇನ್ನೂ ಹತ್ತು ಮಾರು ಉಂಟು ಅಂದುಕೊಂಡು ವ್ಯೂಫೈಂಡರಿಗೆ ಕಣ್ಣಿಟ್ಟು ನಿಂತಿದ್ದಾಗ ಹಿಂದಿನಿಂದ ಒಬ್ಬ ಹುಡುಗ ನನ್ನ ಅಂಗಿ ಹಿಡಿದು ಎಳೆದ. ಕೋಣದ ಭುಜ ಕೈಗೆ ಬಡಿದು ಕ್ಯಾಮೆರಾ ಕೆಸರಿಗೆ ಬಿತ್ತು. ಮೂರು ವಾರ ಕೈಗೆ ಪಟ್ಟಿ. ಆ ಹುಡುಗನ ಹೆಸರು ಕೇಳಲೂ ನನಗೆ ಆಗ ತೋಚಲಿಲ್ಲ. ಇವತ್ತಿಗೂ ಅದು ಬೇಜಾರು.

ಕಾಪಾನ ಕೊನೆಯೂ ಒಂದು ಹೆಜ್ಜೆಯಲ್ಲಿ ಆಯಿತು. 1954ರ ಮೇ 25. ವಿಯೆಟ್ನಾಂನಲ್ಲಿ ಫ್ರೆಂಚ್ ಸೈನ್ಯದ ಜೊತೆ ಥಾಯ್ ಬಿನ್ ಕಡೆಗೆ ಹೋಗುತ್ತಿದ್ದ. ವಾಹನಗಳ ಸಾಲು ಅಲ್ಲಲ್ಲಿ ನಿಲ್ಲುತ್ತಿತ್ತು. ಅವನು ಜೀಪಿನಿಂದ ಇಳಿದು, ಬಯಲಿನಲ್ಲಿ ನಡೆದು ಹೋಗುತ್ತಿದ್ದ ಸೈನಿಕರ ಹಿಂದೆ ಹೋದ. ನೆಲಬಾಂಬಿನ ಮೇಲೆ ಕಾಲು ಬಿತ್ತು. ವಯಸ್ಸು 40. ಹತ್ತಿರ ಎರಡು ಕ್ಯಾಮೆರಾ ಇದ್ದವು, ಕಪ್ಪು-ಬಿಳುಪಿಗೆ ಕಾಂಟ್ಯಾಕ್ಸ್, ಬಣ್ಣಕ್ಕೆ ನಿಕಾನ್. ಕೊನೆಯ ಫೋಟೋಗಳಲ್ಲಿ ಇರುವುದು ಹುಲ್ಲಿನ ಬಯಲು ಮತ್ತು ಸೈನಿಕರ ಬೆನ್ನು, ಅಷ್ಟೇ. ಅದಕ್ಕೂ ಮುಂಚೆ ಸ್ಪೇನ್, ಚೀನಾ, ಉತ್ತರ ಆಫ್ರಿಕಾ, ಇಟಲಿ, ನಾರ್ಮಂಡಿ, ಇಸ್ರೇಲ್ ಎಲ್ಲ ಕಡೆ ಬದುಕಿ ಬಂದವನು. ಹತ್ತಿರ ಹೋಗು ಅಂತ ಹೇಳಿದವನು ತಾನೇ ಅದಕ್ಕೆ ಜೀವ ಕೊಟ್ಟ. ಹಾಗಾಗಿ ಅವನ ಆ ಒಂದು ಸಾಲನ್ನು ಸುಮ್ನೆ ಸ್ಟೇಟಸ್‌ಗೆ ಹಾಕುವುದು ನೋಡಿದರೆ ನನಗೆ ಒಂಥರಾ ಆಗುತ್ತದೆ.

ಆದರೆ ಆ ‘ಹತ್ತಿರ’ ಅಪಾಯಕ್ಕೆ ಹತ್ತಿರ ಅಂತ ಮಾತ್ರ ನೀವು ತಿಳಿದುಕೊಂಡರೆ ಅವನ ಅರ್ಧ ಕೆಲಸ ನಿಮಗೆ ಕಾಣುವುದೇ ಇಲ್ಲ. ನಾನು ಹೇಳಬೇಕೆಂದಿರುವುದು ಇದೇ.

ಅವನು ಹುಟ್ಟಿದ್ದು 1913ರಲ್ಲಿ, ಬುಡಾಪೆಸ್ಟಿನ ಯಹೂದಿ ಮನೆಯಲ್ಲಿ. ನಿಜವಾದ ಹೆಸರು ಎಂಡ್ರೆ ಫ್ರೀಡ್‌ಮನ್. ಅಪ್ಪ ಅಮ್ಮನದು ಬಟ್ಟೆ ಹೊಲಿಯುವ ಅಂಗಡಿ. ರಾಜಕೀಯದಲ್ಲಿ ಸಿಕ್ಕಿಬಿದ್ದು ಹದಿನೇಳರ ಹರೆಯದಲ್ಲಿ ಊರು ಬಿಡಬೇಕಾಯಿತು. ಬರ್ಲಿನ್‌ನಲ್ಲಿ ಒಂದು ಫೋಟೋ ಸಂಸ್ಥೆಯ ಡಾರ್ಕ್‌ರೂಮಿನಲ್ಲಿ ಕೆಲಸಕ್ಕೆ ಸೇರಿದ. 1932ರಲ್ಲಿ ಕೋಪನ್‌ಹೇಗನ್‌ನಲ್ಲಿ ರಷ್ಯಾದ ಕ್ರಾಂತಿಕಾರಿ ಟ್ರಾಟ್ಸ್ಕಿಯ ಭಾಷಣದ ಫೋಟೋ ತೆಗೆದದ್ದು ಅವನ ಮೊದಲ ದೊಡ್ಡ ಕೆಲಸ. ಹಿಟ್ಲರ್ ಬಂದ ಮೇಲೆ ಪ್ಯಾರಿಸ್. ಅಂದರೆ ಹೋದಲ್ಲೆಲ್ಲ ಪರವೂರಿನವನು, ಬಡವ, ಭಾಷೆ ಬಾರದವನು. ಹಂಗೇರಿಯನ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಇಂಗ್ಲಿಷ್ ಎಲ್ಲ ಕಲಸಿ ಮಾತಾಡುತ್ತಿದ್ದ. ಅವನ ಗೆಳೆಯರು ಅದಕ್ಕೆ ‘ಕಾಪಾನೀಸ್’ ಅಂತಲೇ ಹೆಸರಿಟ್ಟಿದ್ದರು. ಸೈನಿಕರ ಜೊತೆ ಕೂತು ಇಸ್ಪೀಟು ಆಡುತ್ತಿದ್ದ. ಅವರು ತಿಂದದ್ದು ತಿನ್ನುತ್ತಿದ್ದ. ಕ್ಯಾಮೆರಾ ಎತ್ತುವಷ್ಟರಲ್ಲಿ ಅವನು ಅವರಲ್ಲೇ ಒಬ್ಬನಾಗಿರುತ್ತಿದ್ದ.

ನಮ್ಮ ದಕ್ಕೆಯಲ್ಲಿ, ಮೀನಿನ ಬೋಟು ನಿಲ್ಲುವಲ್ಲಿ, ಹಾಗೇ ಅಲ್ವಾ? ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಒಂದೇ ಬೋಟಿನಲ್ಲಿ ಕೇಳುತ್ತದೆ. ನನ್ನ ತುಳು ಅಷ್ಟಕ್ಕಷ್ಟೆ. ಆದರೂ ‘ಒಣಸ್ ಆಂಡಾ?’ (ಊಟ ಆಯ್ತಾ?) ಅಂತ ಕೇಳಿ ಹತ್ತು ನಿಮಿಷ ಬಲೆಯ ಪಕ್ಕ ಕೂತರೆ, ಆಮೇಲೆ ಕ್ಯಾಮೆರಾ ತೆಗೆದರೆ ಯಾರೂ ಮುಖ ಗಟ್ಟಿ ಮಾಡುವುದಿಲ್ಲ. ದೂರದಿಂದ 600ರಲ್ಲಿ ಹೊಡೆದರೆ ಅವರನ್ನು ಕದ್ದು ತೆಗೆದ ಹಾಗೆ ಕಾಣುತ್ತದೆ. ಅದು ನೋಡುವವರಿಗೂ ಗೊತ್ತಾಗುತ್ತದೆ. ನೀವು ಹೋದ ವಾರ ಹಾಕಿದ ಮಲ್ಪೆಯ ಕೈರಂಪಣಿ (ದಡದಿಂದ ಎಳೆಯುವ ಬಲೆ) ಫೋಟೋದಲ್ಲಿ ನನಗೆ ಕಂಡ ಕೊರತೆ ಅದೇ. ಬಲೆ ಎಳೆಯುವವರ ಬೆನ್ನು, ಸಮುದ್ರ, ಆಕಾಶ ಎಲ್ಲ ಉಂಟು. ಒಬ್ಬರ ಮುಖವೂ ಇಲ್ಲ.

ಕಾಪಾನ ಫೋಟೋಗಳಲ್ಲಿ ನನ್ನನ್ನು ಹೆಚ್ಚು ಕಾಡುವುದರಲ್ಲಿ ಗುಂಡಿಲ್ಲ, ಹೊಗೆ ಇಲ್ಲ. 1943ರ ಅಕ್ಟೋಬರ್, ಇಟಲಿಯ ನೇಪಲ್ಸ್. ಜರ್ಮನ್ನರ ವಿರುದ್ಧ ಹೋರಾಡಿ ಸತ್ತ ಇಪ್ಪತ್ತು ಹುಡುಗರ ಅಂತ್ಯಕ್ರಿಯೆ. ಎಲ್ಲ ಶಾಲೆಗೆ ಹೋಗುವ ವಯಸ್ಸಿನವರು. ಆ ಹೊತ್ತಿಗೆ ಮಿತ್ರಸೈನ್ಯ ಊರಿಗೆ ಬಂದಾಗಿತ್ತು, ಬೇರೆಯವರೆಲ್ಲ ಗೆದ್ದ ಸಂಭ್ರಮ ತೆಗೆಯಬಹುದಿತ್ತು. ಕಾಪಾ ಅಮ್ಮಂದಿರ ಎದುರು ನಿಂತ. ಕಪ್ಪು ಬಟ್ಟೆಯ ಹೆಂಗಸರು, ಬಾಯಿ ತೆರೆದ ಅಳು, ಹಿಂಡಿದ ಕರವಸ್ತ್ರ. ಒಬ್ಬಳ ಕೈಯಲ್ಲಿ ಮಗನ ಫೋಟೋ. ಎರಡು ಮೂರು ಹೆಜ್ಜೆಯಷ್ಟೇ ದೂರ ಇರಬೇಕು. ಆ ಹೆಂಗಸರಿಗೆ ಅವನು ಅಲ್ಲಿರುವುದು ಗೊತ್ತಿದ್ದಿರಬೇಕು, ಆದರೂ ಅಳು ನಿಂತಿಲ್ಲ. ಇಂಥ ಫೋಟೋ ಯಾವ ಲೆನ್ಸಿನಿಂದಲೂ ತನ್ನಷ್ಟಕ್ಕೆ ಬರುವುದಿಲ್ಲ.

ಈಗ ಕಂಬಳಕ್ಕೆ ಬನ್ನಿ. ಓಟ ಹದಿನೈದು ಸೆಕೆಂಡಿನ ಒಳಗೆ ಮುಗಿಯುತ್ತದೆ, ಅದಕ್ಕೆ ಮುಂಚೆ ಇಡೀ ದಿನ ಉಂಟು. ಕೋಣಗಳನ್ನು ಕಟ್ಟಿದ ಕಡೆ ಹೋಗಿ. ಯಜಮಾನರ ಹತ್ತಿರ ಮಾತಾಡಿ, ಒಪ್ಪಿಗೆ ಕೇಳಿ. ಎಣ್ಣೆ ಹಚ್ಚುವ ಕೈಯನ್ನು ನೋಡಿ. ಅಂಗೈ ಕೋಣದ ಕುತ್ತಿಗೆಯ ಮೇಲೆ ಜಾರುವಾಗ ಚರ್ಮದ ಮೇಲೆ ಒಂದು ಗೆರೆ ಹೊಳೆಯುತ್ತದೆ, ಬೆರಳ ಸಂದಿಯಲ್ಲಿ ಎಣ್ಣೆ ನಿಲ್ಲುತ್ತದೆ, ಕೋಣ ಅರ್ಧ ಕಣ್ಣು ಮುಚ್ಚುತ್ತದೆ. ಅದಕ್ಕೆ 35 ಅಥವಾ 50 ಎಂಎಂ ಲೆನ್ಸ್ ಸಾಕು. ಓಟ ಶುರುವಾಗುವ ಗಂತಿನಲ್ಲಿ ಓಟಗಾರ ಹಗ್ಗ ಸುತ್ತಿಕೊಳ್ಳುವ ಮುಂಚೆ ಒಂದು ಕ್ಷಣ ಸುಮ್ಮನಾಗುತ್ತಾನೆ. ಸೋತ ಕೋಣದ ಬೆನ್ನು ತಟ್ಟುವ ಅಜ್ಜನೂ ಅಲ್ಲೇ ಇರುತ್ತಾರೆ. ಇವೆಲ್ಲ ಬಿಟ್ಟು ನಾವು ಎಲ್ಲರೂ ಒಂದೇ ಕಡೆ ಸಾಲಾಗಿ ನಿಂತು ಒಂದೇ ಫೋಟೋ ತೆಗೆಯುತ್ತೇವೆ. ಮರುದಿನ ಗುಂಪಿನಲ್ಲಿ ಐವತ್ತು ಫೋಟೋ ಬಂದರೂ ಯಾರದು ಯಾವುದು ಅಂತ ಗೊತ್ತಾಗುವುದಿಲ್ಲ.

ಓಟಕ್ಕೆ ಸೆಟಿಂಗ್ ಕೇಳಿದ್ದೀರಿ. ಕರೆಯ (ಕೋಣ ಓಡುವ ಕೆಸರುಗದ್ದೆಯ) ಬದಿಯಲ್ಲಿ, ಬೇಲಿಯ ಹೊರಗೆ, ಮಂಜೊಟ್ಟಿಗೆ ಓರೆಯಾಗಿ ನಿಲ್ಲಿ. ನಿಮ್ಮ ಹತ್ತಿರ ಇರುವ 70-200 ಸಾಕು. ಹಗಲಿನಲ್ಲಿ ಶಟರ್ 1/1600, ನಿರಂತರ ಫೋಕಸ್, ಫೋಕಸ್ ಪಾಯಿಂಟ್ ಓಟಗಾರನ ಎದೆಯ ಮೇಲೆ. ಕೋಣದ ಮೂತಿಗೆ ಹಾಕಿದರೆ ಹಾರುವ ಕೆಸರು ನೀರನ್ನು ಕ್ಯಾಮೆರಾ ಹಿಡಿದುಬಿಡುತ್ತದೆ. ಹಲಗೆಯ ಮೇಲೆ ನಿಂತು ನೀರು ಮೇಲಕ್ಕೆ ಚಿಮ್ಮಿಸುವ ಕನೆ ಹಲಗೆಯ ಓಟಕ್ಕೆ ಮಾತ್ರ ಬೆಳಕಿಗೆ ಎದುರಾಗಿ ನಿಲ್ಲಿ. ನೀರು ನಿಶಾನೆಗೆ (ಮೇಲೆ ಕಟ್ಟಿದ ಬಟ್ಟೆಗೆ) ಚಿಮ್ಮುವಾಗ ಹನಿಗಳು ಹಿಂಬೆಳಕಿನಲ್ಲಿ ಮಾತ್ರ ಬಿಡಿಬಿಡಿಯಾಗಿ ಕಾಣುತ್ತವೆ. ಅದಕ್ಕೆ 1/2000. ರಾತ್ರಿ ದೀಪದಲ್ಲಿ ಫೋಟೋದ ಮೇಲೆ ಪಟ್ಟೆ ಪಟ್ಟೆ ಬರುತ್ತದೆ ಅಂದಿರಲ್ಲ, ಅದು ದೀಪಗಳ ಮಿಣುಕು. ನಮ್ಮ ಕರೆಂಟು 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸೈಲೆಂಟ್ ಶಟರ್ ಬಂದ್ ಮಾಡಿ, ಮೆಕ್ಯಾನಿಕಲ್ ಹಾಕಿ, ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ 1/100ಕ್ಕೆ ಇಳಿಸಿ ಕೋಣದ ಜೊತೆ ಕ್ಯಾಮೆರಾ ತಿರುಗಿಸಿ. ಹತ್ತರಲ್ಲಿ ಒಂಬತ್ತು ಹಾಳಾಗುತ್ತದೆ, ಒಂದು ನಿಲ್ಲುತ್ತದೆ.

ಅಲುಗಿದ ಫೋಟೋ ಅಂದರೆ ಹೆದರಬೇಡಿ. 1944ರ ಜೂನ್ 6ರಂದು, ಜರ್ಮನ್ನರ ಕೈಯಲ್ಲಿದ್ದ ನಾರ್ಮಂಡಿಯ ಒಮಾಹಾ ಬೀಚಿನಲ್ಲಿ ಅಮೆರಿಕದ ಸೈನಿಕರ ಜೊತೆ ಕಾಪಾ ನೀರಿಗೆ ಇಳಿದಿದ್ದ. ಕೈಯಲ್ಲಿ ಕಾಂಟ್ಯಾಕ್ಸ್, 50 ಎಂಎಂ ಲೆನ್ಸ್. ಝೂಮ್ ಇಲ್ಲ, ಆಟೋಫೋಕಸ್ ಇಲ್ಲ. ತೆಗೆದದ್ದು ಹೇಗೆ ಬಂತು ಅಂತ ನೋಡಲು ಸ್ಕ್ರೀನ್ ಇಲ್ಲ. ರೋಲು ಲಂಡನ್ನಿಗೆ ಹೋಗಿ ತೊಳೆದ ಮೇಲೆಯೇ ಗೊತ್ತಾಗಬೇಕು. ಉಳಿದು ಬಂದದ್ದು ಹತ್ತು ಹನ್ನೊಂದು ಫ್ರೇಮ್. ಅದರಲ್ಲಿ ನೀರಿನಲ್ಲಿ ತೆವಳುವ ಒಬ್ಬ ಸೈನಿಕನ ಮುಖ ಪೂರ್ತಿ ಅಲುಗಿದೆ. ಆದರೂ ಆ ದಿನ ಅಂದರೆ ಜಗತ್ತಿಗೆ ನೆನಪಾಗುವುದು ಆ ಮುಖವೇ. ಉಳಿದ ರೋಲುಗಳನ್ನು ಡಾರ್ಕ್‌ರೂಮಿನ ಹುಡುಗ ಬಿಸಿ ಜಾಸ್ತಿ ಮಾಡಿ ಕರಗಿಸಿಬಿಟ್ಟ ಅಂತ ಬಹಳ ಕಾಲ ಹೇಳುತ್ತಿದ್ದರು. ಲಂಡನ್ನಿನಲ್ಲಿ ಆ ಫೋಟೋಗಳನ್ನು ನೋಡಿಕೊಂಡ ಸಂಪಾದಕ ಜಾನ್ ಮಾರಿಸ್ ಅವರೇ ಇಳಿವಯಸ್ಸಿನಲ್ಲಿ, ಆ ರೋಲುಗಳಲ್ಲಿ ಬಹುಶಃ ಏನೂ ಇರಲೇ ಇಲ್ಲ ಅಂತ ಒಪ್ಪಿಕೊಂಡರು.

ಇದರಿಂದ ‘ಸುಳ್ಳು’ ಅಂದವರ ಮಾತಿಗೆ ಬರುತ್ತೇನೆ. ಅವರು ಹೇಳುತ್ತಿರುವುದು 1936ರ ಸ್ಪೇನ್ ಅಂತರ್ಯುದ್ಧದ ಫೋಟೋ ಇರಬೇಕು, ಗುಂಡು ತಾಗಿ ಬೀಳುವ ಸೈನಿಕನದ್ದು. ಸೆರ್ರೋ ಮುರಿಯಾನೋದಲ್ಲಿ ತೆಗೆದದ್ದು ಅಂತ ಎಲ್ಲರೂ ನಂಬಿದ್ದರು. ಆಮೇಲೆ ಹಿಂದಿನ ಗುಡ್ಡಗಳ ಸಾಲನ್ನು ಹೋಲಿಸಿ ನೋಡಿ, ಅದು ಎಸ್ಪೆಹೋ ಊರಿನ ಹತ್ತಿರದ ಜಾಗ, ಆಗ ಅಲ್ಲಿ ಕಾಳಗವೇ ಇರಲಿಲ್ಲ ಅಂತ ಸಂಶೋಧಕರು ತೋರಿಸಿದರು. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ, ಅದು ಗಟ್ಟಿ ಪ್ರಶ್ನೆಯೇ. ಆದರೆ ಒಂದು ಫೋಟೋದಿಂದ ಹದಿನೆಂಟು ವರ್ಷದ ಕೆಲಸವೆಲ್ಲ ಸುಳ್ಳು ಅನ್ನುವುದು ನ್ಯಾಯ ಅಲ್ಲ. ನಮಗೆ ಬೇಕಾದದ್ದು ಬೇರೆ: ಫೋಟೋ ಹಾಕುವಾಗ ಊರು, ದಿನ, ಯಾರು ಅಂತ ಸರಿಯಾಗಿ ಬರೆಯಿರಿ. ಓಟಗಾರನನ್ನು ಮರುದಿನ ಬೆಳಿಗ್ಗೆ ಕರೆಸಿ ಓಡಿಸಿ ತೆಗೆದದ್ದಾದರೆ ಹಾಗೆಂದೇ ಬರೆಯಿರಿ.

ಹೆಸರಿನ ವಿಷಯ ಬಂದಾಗ ಕಾಪಾನ ಸಂಗಾತಿ, ಫೋಟೋಗ್ರಾಫರ್ ಗೆರ್ಡಾ ಟಾರೋಳನ್ನು ಬಿಟ್ಟರೆ ತಪ್ಪಾಗುತ್ತದೆ. ‘ರಾಬರ್ಟ್ ಕಾಪಾ’ ಅನ್ನುವ ಹೆಸರನ್ನು ಪ್ಯಾರಿಸಿನಲ್ಲಿ ಕಟ್ಟಿದ್ದೇ ಅವರಿಬ್ಬರು ಸೇರಿ. ಹಣವಂತ ಅಮೆರಿಕನ್ ಫೋಟೋಗ್ರಾಫರ್ ಅಂದರೆ ಪತ್ರಿಕೆಯವರು ಹೆಚ್ಚು ದುಡ್ಡು ಕೊಡುತ್ತಾರೆ ಅಂತ. ಅವಳು ತೆಗೆದ ಎಷ್ಟೋ ಫೋಟೋ ಅವನ ಹೆಸರಲ್ಲಿ ಅಚ್ಚಾದವು. 1937ರ ಜುಲೈಯಲ್ಲಿ ಬ್ರುನೇಟೆಯ ಯುದ್ಧದಿಂದ ಹಿಂದೆ ಬರುವಾಗ ಗಾಯಾಳುಗಳ ಕಾರಿನ ಫುಟ್‌ಬೋರ್ಡ್ ಮೇಲೆ ನಿಂತಿದ್ದಳು. ಟ್ಯಾಂಕ್ ಬಂದು ಬಡಿಯಿತು. ಮರುದಿನ ತೀರಿಹೋದಳು, 27 ತುಂಬಲು ಒಂದು ವಾರವೂ ಇರಲಿಲ್ಲ. 2007ರಲ್ಲಿ ಮೆಕ್ಸಿಕೋದಿಂದ ಮೂರು ಪೆಟ್ಟಿಗೆ ನ್ಯೂಯಾರ್ಕಿಗೆ ಬಂದವು. ಅವಳದು, ಕಾಪಾನದು, ಫೋಟೋಗ್ರಾಫರ್ ಗೆಳೆಯ ಚಿಮ್‌ನದು ಸೇರಿ ಸುಮಾರು 4,500 ನೆಗೆಟಿವ್. ಆಮೇಲೆ ಯಾವುದು ಯಾರದು ಅಂತ ಬೇರೆ ಮಾಡಲು ದಾರಿಯಾಯಿತು. ಗಂಡ ಹೆಂಡತಿ ಇಬ್ಬರೂ ಫೋಟೋ ತೆಗೆಯುವವರು ನಮ್ಮ ಗುಂಪಿನಲ್ಲೂ ಇದ್ದೀರಿ. ದಯವಿಟ್ಟು ಇಬ್ಬರ ಹೆಸರೂ ಹಾಕಿ.

ಕಾಪಾ ಮಾಡಿದ ಇನ್ನೊಂದು ದೊಡ್ಡ ಕೆಲಸ ಮ್ಯಾಗ್ನಮ್ ಅನ್ನುವ ಫೋಟೋಗ್ರಾಫರುಗಳದೇ ಸಂಸ್ಥೆ ಕಟ್ಟಿದ್ದು, 1947ರಲ್ಲಿ, ಫೋಟೋಗ್ರಾಫರ್ ಕಾರ್ಟಿಯೇ-ಬ್ರೆಸೋನ್, ಚಿಮ್ ಮೊದಲಾದವರ ಜೊತೆ. ಫೋಟೋದ ಹಕ್ಕು ಪತ್ರಿಕೆಯದ್ದಲ್ಲ, ತೆಗೆದವನದ್ದು ಅಂತ ನಿಂತವರು ಅವರು. ನಮ್ಮ ಹುಲಿವೇಷದ ಫೋಟೋ ಕೇಳದೆಯೇ ಫ್ಲೆಕ್ಸಿಗೆ ಹೋಗುವಾಗ ನನಗೆ ಅದು ನೆನಪಾಗುತ್ತದೆ.

ಹಾಗಾಗಿ ಈ ವರ್ಷ 150-600 ಬೇಡ. ಅದು ಒಳ್ಳೆಯ ಲೆನ್ಸೇ, ಹಕ್ಕಿಗೆ ಬೇಕಾದರೆ ಮುಂದೆ ತೆಗೆದುಕೊಳ್ಳಿ. ಸದ್ಯಕ್ಕೆ ಸೆಕೆಂಡ್ ಹ್ಯಾಂಡ್ 35 ಎಂಎಂ ನೋಡಿ. ತೆಗೆದುಕೊಳ್ಳುವ ಮುಂಚೆ ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ, ನಮ್ಮ ಹವೆಗೆ ಫಂಗಸ್ ಬೇಗ ಹಿಡಿಯುತ್ತದೆ, ಜೇಡರ ಬಲೆಯ ಹಾಗೆ ಕಂಡರೆ ಬಿಟ್ಟುಬಿಡಿ. ಮನೆಯಲ್ಲಿ ಗಾಳಿ ಹೋಗದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬೀರುವಿನಲ್ಲಿ ಬಟ್ಟೆಯ ನಡುವೆ ಮಾತ್ರ ಬೇಡ.

ಖರೀದಿಗೆ ಮುಂಚೆ ನನ್ನದನ್ನು ಹಾಕಿ ನೋಡಿ. ಬರುವ ಭಾನುವಾರ ಬೆಳಿಗ್ಗೆ 5.30ಕ್ಕೆ ನಾನು ದಕ್ಕೆಗೆ ಹೋಗುತ್ತೇನೆ, ಬೋಟು ಬರುವ ಹೊತ್ತು. 35 ಎಂಎಂ ತರುತ್ತೇನೆ, ನಿಮ್ಮ ಝೂಮ್ ಮನೆಯಲ್ಲೇ ಇರಲಿ. ಹಿಡಿತ ಇರುವ ಚಪ್ಪಲಿ ಹಾಕಿಕೊಂಡು ಬನ್ನಿ, ಮೀನಿನ ನೀರಿಗೆ ನೆಲ ಬಹಳ ಜಾರುತ್ತದೆ. ಹೋದ ಸಲ ಐಸ್ ಹೊರುವ ಒಬ್ಬ ಅಣ್ಣನ ಫೋಟೋ ತೆಗೆದಿದ್ದೆ, ಪ್ರಿಂಟ್ ಹಾಕಿಸಿದ್ದೇನೆ. ಮೊದಲು ಅದನ್ನು ಅವರಿಗೆ ಕೊಟ್ಟು ಬರೋಣ.