ಅಪ್ಪನಿಗೆ ಸ್ಮಾರ್ಟ್‌ಫೋನ್ ಕೊಡಿಸಿ, ಬಟನ್ ಫೋನ್ ಮಾತ್ರ ಬಿಡಿಸಬೇಡಿ

ನಮಸ್ಕಾರ. ತಿಕೋಟಾ ಹತ್ತಿರ 4 ಎಕರೆ ದ್ರಾಕ್ಷಿ, ಅಪ್ಪನಿಗೆ 62 ವರ್ಷ, ಇಷ್ಟು ದಿನ ಬಟನ್ ಫೋನ್ ಇತ್ತು, ಈಗ ಸ್ಮಾರ್ಟ್‌ಫೋನ್ ಕೊಡಿಸಬೇಕು, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಬ್ಯಾಂಕಿನ ದುಡ್ಡು ಹೋದೀತು ಅನ್ನುವ ಭಯವನ್ನೂ ಬರೆದಿದ್ದೀರಿ. ನಮ್ಮದು ಬಬಲೇಶ್ವರ ಕಡೆ, ದ್ರಾಕ್ಷಿಯೇ. ಮೂರು ವರ್ಷದ ಹಿಂದೆ ನಮ್ಮ ಅಪ್ಪನಿಗೂ ಇದೇ ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಬಿಡುವಾಗಿ ಓದಿ.

ಮೊದಲು ಭಯದ ಮಾತು. ಬ್ಯಾಂಕಿಗೂ ಆಧಾರ್‌ಗೂ ಕೊಟ್ಟ ಹಳೆ ನಂಬರ್ ಇದೆಯಲ್ಲ, ಆ ಸಿಮ್ ಬಟನ್ ಫೋನಿನಲ್ಲೇ ಇರಲಿ. ಸ್ಮಾರ್ಟ್‌ಫೋನಿಗೆ ಹೊಸ ಸಿಮ್ ಹಾಕಿ, ವಾಟ್ಸ್ಆ್ಯಪ್ ಆ ಹೊಸ ನಂಬರಿನಲ್ಲಿ ನಡೆಯಲಿ. ಎರಡು ಫೋನ್ ಹಿಡಿದು ಓಡಾಡುವುದು ತ್ರಾಸು ಅನ್ನಿಸುತ್ತದೆ. ಆದರೆ ಇದರ ಕಾರಣ ನಮ್ಮ ಮನೆಯಲ್ಲೇ ಆಗಿದೆ.

ನಮ್ಮ ಕಾಕಾನಿಗೆ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಮದುವೆ ಕಾರ್ಡ್ ಬಂತು. ಕಳಿಸಿದ್ದು ಪರಿಚಯದವರ ನಂಬರಿನಿಂದಲೇ. ಒತ್ತಿದರು. ಅದು ಫೋಟೋ ಅಲ್ಲ, ಎಪಿಕೆ ಫೈಲ್. ಅಂದರೆ ಪ್ಲೇ ಸ್ಟೋರ್ ಹೊರಗಿನಿಂದ ಫೋನಿನೊಳಗೆ ಬಂದು ಕೂರುವ ಆ್ಯಪ್. ಮೆಸೇಜ್ ಓದಲು ಅನುಮತಿ ಕೇಳಿತು, ಕಾಕಾ ಹೂಂ ಅಂತ ಒತ್ತಿದರು. ಅಲ್ಲಿಂದ ಬ್ಯಾಂಕಿನ ಒಟಿಪಿ ಎಲ್ಲ ಕಳ್ಳನ ಕಡೆಗೂ ಹೋಯಿತು. ಒಣದ್ರಾಕ್ಷಿ ಮಾರಿದ ದುಡ್ಡು ಖಾತೆಯಲ್ಲಿತ್ತು. ಕಾಕಾ ಮೂರು ದಿನ ಯಾರಿಗೂ ಹೇಳಲಿಲ್ಲ, ನಾಚಿಕೆ ಆಗಿ. ಅಷ್ಟರಲ್ಲಿ ದುಡ್ಡು ಖಾತೆಯಿಂದ ಖಾತೆಗೆ ಹಾರಿತ್ತು. ಆ ವರ್ಷ ಅವರು ಗೊಬ್ಬರಕ್ಕೆ ಸಾಲ ಮಾಡಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪಿಎಂ ಕಿಸಾನ್ ಹೆಸರಿನಲ್ಲೂ ಇಂಥ ಎಪಿಕೆ ಓಡಾಡುತ್ತವೆ, ನಿಮ್ಮ ಅಪ್ಪನಿಗೆ ಬಂದೇ ಬರುತ್ತದೆ ಅಂತ ತಿಳಿಯಿರಿ.

ಬಟನ್ ಫೋನಿಗೆ ಈ ಎಪಿಕೆ ಹತ್ತುವುದಿಲ್ಲ. ಒಟಿಪಿ ಅಲ್ಲಿಗೆ ಬಂದರೆ ಸ್ಮಾರ್ಟ್‌ಫೋನಿನಲ್ಲಿ ಕೂತ ಕಳ್ಳನಿಗೆ ಅದು ಸಿಗುವುದಿಲ್ಲ. ಫೋನ್ ಮಾಡಿ ಒಟಿಪಿ ಕೇಳುವವರ ಕಾಟ ಇದರಿಂದ ತಪ್ಪದು. ಅದನ್ನು ಅಪ್ಪನಿಗೆ ಕೂರಿಸಿ ಹೇಳಲೇಬೇಕು. ಚಹಾ ಅಂಗಡಿ, ಪೆಟ್ರೋಲಿಗೆ ಫೋನ್‌ಪೇ ಬೇಕು ಅಂದರೆ ಹೊಸ ನಂಬರಿಗೆ ಬೇರೆ ಖಾತೆ ತೆರೆದು ಎರಡು ಮೂರು ಸಾವಿರ ಅಷ್ಟೇ ಇಡಿ. ಒಂದು ಮಾತು ಬಾಯಿಪಾಠ ಮಾಡಿಸಿ: ನಮಗೆ ದುಡ್ಡು ಬರಬೇಕಾದರೆ ಪಿನ್ ಒತ್ತುವ ಕೆಲಸವೇ ಇಲ್ಲ. ಏನಾದರೂ ಆಗಿಯೇ ಬಿಟ್ಟರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಆ ನಂಬರನ್ನು ಅಪ್ಪನ ಎರಡೂ ಫೋನಿನಲ್ಲಿ ಸೇವ್ ಮಾಡಿ. ಬೈಯುವುದಿಲ್ಲ ಅಂತಲೂ ಮೊದಲೇ ಹೇಳಿಬಿಡಿ. ಬೈಗುಳದ ಹೆದರಿಕೆಗೇ ನಮ್ಮ ಕಾಕಾ ಮೂರು ದಿನ ಕಳೆದದ್ದು.

ಬಟನ್ ಫೋನಿನಿಂದ ಮೋಟಾರಿಗೂ ಅನುಕೂಲ. ರಾತ್ರಿ ತ್ರೀ ಫೇಸ್ ಕೊಟ್ಟಾಗ ಬ್ಯಾಟರಿ ಹಿಡಿದು ಬೋರಿನ ಹತ್ತಿರ ಹೋಗುವುದು ನಮಗೆಲ್ಲ ಗೊತ್ತು, ಹಾವಿನ ಭಯ ಬೇರೆ. ಮೊಬೈಲ್ ಸ್ಟಾರ್ಟರ್ ಹಾಕಿಸಿದರೆ ಮನೆಯಿಂದಲೇ ಕಾಲ್ ಮಾಡಿ ಚಾಲು, ಬಂದ್ ಮಾಡಬಹುದು. ಇದಕ್ಕೆ ಸ್ಮಾರ್ಟ್‌ಫೋನ್ ಬೇಡವೇ ಬೇಡ. ಆದರೆ ಸ್ಟಾರ್ಟರ್ ಡಬ್ಬಿಯೊಳಗೂ ಒಂದು ಸಿಮ್ ಹಾಕಬೇಕು, ಅದನ್ನು ನೋಡಿಕೊಳ್ಳಿ. ಕಡಿಮೆ ಬೆಲೆಯ ಸುಮಾರು ಸ್ಟಾರ್ಟರ್‌ಗಳು ಹಳೆಯ 2ಜಿ ನೆಟ್‌ವರ್ಕ್ ಮೇಲೆ ನಡೆಯುತ್ತವೆ. ಜಿಯೋದಲ್ಲಿ 2ಜಿ ಇಲ್ಲ, ಅದರ ಸಿಮ್ ಹಾಕಿದರೆ ಅಂಥ ಡಬ್ಬಿ ಸುಮ್ನೆ ಕೂರುತ್ತದೆ. ಏರ್‌ಟೆಲ್, ಬಿಎಸ್‌ಎನ್‌ಎಲ್, ವಿಐ ಇವುಗಳಲ್ಲಿ ನಿಮ್ಮ ಬೋರಿನ ಹತ್ತಿರ ಯಾವುದು ಸಿಗುತ್ತದೋ ಅದನ್ನು ಹಾಕಿ. ಆಂಟೆನಾ ಕಬ್ಬಿಣದ ಪೆಟ್ಟಿಗೆಯ ಹೊರಗೆ ಬರಲಿ. ಡಬ್ಬಿಯ ಸಿಮ್ಮಿಗೂ ರೀಚಾರ್ಜ್ ಬೇಕು, ಅದು ಎಲ್ಲರಿಗೂ ಮರೆಯುತ್ತದೆ. ನೀರಿಲ್ಲದೆ ಓಡಿದರೆ, ಒಂದು ಫೇಸ್ ಹೋದರೆ ತಾನೇ ಬಂದ್ ಆಗುವ ಸೌಲಭ್ಯ ಇರುವುದನ್ನೇ ತಗೊಳ್ಳಿ.

ಇದೊಂದನ್ನು ದಯವಿಟ್ಟು ಮರೆಯಬೇಡಿ. ಮೋಟಾರ್ ಎತ್ತುವಾಗ, ವೈರ್ ಮುಟ್ಟುವಾಗ ಫೋನಿನಲ್ಲಿ ಬಂದ್ ಮಾಡಿದ್ದೇನೆ ಅಂತ ನಂಬಬಾರದು. ಮನೆಯಲ್ಲಿದ್ದವರು ಗೊತ್ತಿಲ್ಲದೆ ಕಾಲ್ ಮಾಡಿದರೆ ಕರೆಂಟ್ ಬಂದುಬಿಡುತ್ತದೆ. ಮೇನ್ ಇಳಿಸಿ, ಫ್ಯೂಸ್ ಕಿತ್ತು ಕಿಸೆಯಲ್ಲಿ ಇಟ್ಟುಕೊಂಡೇ ಕೈ ಹಾಕಬೇಕು.

ಇನ್ನು ಯಾವ ಫೋನ್ ಅನ್ನುವುದು. ಕಂಪನಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಂಗಡಿಯಿಂದ ಹೊರಗೆ ತಂದು ಬಿಸಿಲಿನಲ್ಲಿ ಹಿಡಿದು ನೋಡಿ, ಅಕ್ಷರ ಕಾಣಬೇಕು. ಬ್ಯಾಟರಿ 5000 ಎಂಎಎಚ್ ಇರಲಿ, ಜಾಗ 128 ಜಿಬಿ. ಬೆರಳಚ್ಚು ಲಾಕ್ ನಂಬಬೇಡಿ. ತೋಟದಲ್ಲಿ ದುಡಿದ ಬೆರಳಿನ ಗೆರೆ ಸವೆದಿರುತ್ತದೆ, ಹತ್ತು ಸಲ ಒತ್ತಿದರೂ ತೆರೆಯದು. ನಮ್ಮ ಅಪ್ಪ ಅದಕ್ಕೇ ಬೇಸತ್ತು ಒಂದು ತಿಂಗಳು ಫೋನ್ ಮುಟ್ಟಿರಲಿಲ್ಲ. ಪಿನ್ ಇಟ್ಟುಕೊಟ್ಟ ಮೇಲೆ ಸರಿಹೋಯಿತು. ಅಕ್ಷರ ದೊಡ್ಡದು ಮಾಡಿ, ಕೀಬೋರ್ಡಿನಲ್ಲಿ ಕನ್ನಡ ಹಾಕಿ, ಮೈಕ್ ಒತ್ತಿ ಮಾತಾಡುವುದನ್ನು ಕಲಿಸಿ. ನಮ್ಮ ಕಡೆ ಮಾತು ಅದಕ್ಕೆ ಪೂರ್ತಿ ತಿಳಿಯುವುದಿಲ್ಲ. ನಿಧಾನ ಹೇಳಿದರೆ ಸಾಕಷ್ಟು ಸರಿ ಬರೆಯುತ್ತದೆ.

ಬಿಸಿಲಿನ ವಿಷಯ. ಹೆಚ್ಚಿನ ಫೋನ್‌ಗಳನ್ನು ಸುಮಾರು 35 ಡಿಗ್ರಿಯೊಳಗೆ ಬಳಸಿ ಅಂತ ಕಂಪನಿಗಳೇ ಹೇಳುತ್ತವೆ. ನಮ್ಮ ವಿಜಯಪುರದಲ್ಲಿ ಏಪ್ರಿಲ್, ಮೇ ಅಂದರೆ 40 ದಾಟುತ್ತದೆ. ಬೈಕಿನ ಟ್ಯಾಂಕ್ ಮೇಲೆ, ಟ್ರ್ಯಾಕ್ಟರ್ ಬಾನೆಟ್ ಮೇಲೆ ಇಟ್ಟರೆ ಬ್ಯಾಟರಿ ಬೇಗ ಸಾಯುತ್ತದೆ. ಚಾರ್ಜಿಂಗ್ ರಾತ್ರಿ ತಂಪಿನಲ್ಲೇ ಆಗಲಿ. ಔಷಧ ಹೊಡೆಯುವಾಗ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಔಷಧದ ಕೈಯಿಂದ ಫೋನ್ ಮುಟ್ಟಿ, ಅದನ್ನೇ ಕಿವಿಗೆ, ಕೆನ್ನೆಗೆ ಹಚ್ಚಿಕೊಳ್ಳುತ್ತೇವಲ್ಲ, ಅದು ತಪ್ಪಬೇಕು.

ಸ್ಮಾರ್ಟ್‌ಫೋನಿನಿಂದ ನನಗೆ ನಿಜವಾಗಿ ಲಾಭ ಆಗಿದ್ದು ಕ್ಯಾಮೆರಾದಿಂದ. ಎಲೆ ಫೋಟೋ ಹಾಕಿ ಏನು ರೋಗ ಅಂತ ಗುಂಪಿನಲ್ಲಿ ಕೇಳುತ್ತಾರೆ, ಅರ್ಧಕ್ಕರ್ಧ ಫೋಟೋಗಳಲ್ಲಿ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಹೋಗಿ. ಎಲೆಯ ಮೇಲ್ಭಾಗ ಒಂದು, ತಳಭಾಗ ಒಂದು, ಪೂರ್ತಿ ಬಳ್ಳಿ ಒಂದು ಫೋಟೋ. ನೆರಳಿನಲ್ಲಿ ತೆಗೆಯಿರಿ. ಡೌನಿ ಅನ್ನುವ ಶಿಲೀಂಧ್ರ ರೋಗ ಬಂದಿದ್ದರೆ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಕಲೆ, ಅದೇ ಜಾಗದ ತಳದಲ್ಲಿ ಬಿಳಿ ಬೂಷ್ಟು. ಬೂದಿ ರೋಗ ಆದರೆ ಹಿಟ್ಟು ಉದುರಿಸಿದ ಹಾಗೆ ಮೇಲೂ ಕಾಣುತ್ತದೆ, ಕಾಯಿ ಮೇಲೂ ಕಾಣುತ್ತದೆ. ಎರಡರ ಔಷಧ ಬೇರೆ. ತಳಭಾಗದ ಒಂದು ಫೋಟೋ ಇಲ್ಲದ್ದಕ್ಕೆ ತಪ್ಪು ಔಷಧ ಹೊಡೆದವರನ್ನು ಇಲ್ಲೇ ನೋಡಿದ್ದೇವೆ ಅಲ್ವಾ. ಆ್ಯಪ್ ಹೇಳಿದ ರೋಗದ ಹೆಸರನ್ನು ಕಣ್ಣು ಮುಚ್ಚಿ ನಂಬಬೇಡಿ. ಅದೇ ಮೂರು ಫೋಟೋ ಹಿಟ್ನಳ್ಳಿ ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ಹೊಡೆದ ಔಷಧದ ಲೇಬಲ್, ಬ್ಯಾಚ್ ನಂಬರ್, ಬಿಲ್ಲು ಇವುಗಳ ಫೋಟೋವನ್ನೂ ಅಪ್ಪನೇ ತೆಗೆದಿಡಲಿ. ಯಾವ ದಿನ ಏನು ಹೊಡೆದದ್ದು, ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅನ್ನುವುದು ಫೋಟೋದ ತಾರೀಖಿನಿಂದಲೇ ಸಿಗುತ್ತದೆ.

ಮಳೆಗೆ ಮೇಘದೂತ್ ಹಾಕಿಕೊಡಿ, 2019ರಲ್ಲಿ ಬಂದ ಸರ್ಕಾರಿ ಆ್ಯಪ್. ಮಂಗಳವಾರ, ಶುಕ್ರವಾರ ಸಲಹೆ ಬರುತ್ತದೆ. ಅದು ನಿಮ್ಮ ಹೊಲದ ಲೆಕ್ಕ ಅಲ್ಲ, ದೊಡ್ಡ ಪ್ರದೇಶದ ಲೆಕ್ಕ, ಹಾಗಾಗಿ ಆಕಾಶವನ್ನೂ ನೋಡಬೇಕು. ಅಡ್ಡ ಮಳೆ ಕಾಲದ ಸಿಡಿಲಿಗೆ ದಾಮಿನಿ ಆ್ಯಪ್ ಇದೆ, ಸುತ್ತ 20 ಕಿ.ಮೀ. ಒಳಗೆ ಸಿಡಿಲಿನ ಸೂಚನೆ ಕೊಡುತ್ತದೆ. ಶೆಡ್ಡಿನಲ್ಲಿ ದ್ರಾಕ್ಷಿ ಒಣಗುವ 15–20 ದಿನ ನಾನು ಆ್ಯಪ್ ಬಿಟ್ಟು ಹವಾಮಾನ ಸಹಾಯವಾಣಿ ವರುಣ ಮಿತ್ರಕ್ಕೇ ಫೋನ್ ಮಾಡುತ್ತೇನೆ, 92433 45433. ಕನ್ನಡದಲ್ಲೇ ಹೇಳುತ್ತಾರೆ, ಬಟನ್ ಫೋನಿನಿಂದಲೂ ಆಗುತ್ತದೆ.

ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ, ಒಳ್ಳೆಯದೇ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅದನ್ನು ಹಿಡಿದು ಬದುವಿನ ಜಗಳಕ್ಕೆ ಹೋಗಬೇಡಿ ಅಂತ ಅಪ್ಪನಿಗೆ ಹೇಳಿ.

ರೀಲ್ಸ್ ನೋಡಿದರೆ ನೋಡಲಿ, ದಿನವೆಲ್ಲ ದುಡಿದವರು. ಈ ಟಾನಿಕ್ ಹೊಡೆದರೆ ಗೊನೆ ಡಬಲ್ ಅನ್ನುವ ವಿಡಿಯೋ ನೋಡಿ ಆರ್ಡರ್ ಮಾಡುವ ಮೊದಲು ನಿಮ್ಮನ್ನು ಒಂದು ಮಾತು ಕೇಳಲಿ, ಅಷ್ಟು ಸಾಕು.

ಫೋನ್ ತಂದ ದಿನವೇ *#06# ಒತ್ತಿ ಬರುವ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರನ್ನು ಪಾಸ್‌ಬುಕ್ ಹಿಂದೆ ಬರೆದಿಡಿ. ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಬ್ಲಾಕ್ ಮಾಡಿಸಬಹುದು.

ಅಂಗಡಿಗೆ ಹೋಗುವ ಮೊದಲು ಒಮ್ಮೆ ಎರಡು ಮೂರು ಕಂಪನಿಯ ಸಿಮ್ ಇರುವ ಗೆಳೆಯರನ್ನು ಕರೆದುಕೊಂಡು ಬೋರಿನ ಹತ್ತಿರ ನಿಂತು ಸಿಗ್ನಲ್ ನೋಡಿ. ಯಾವುದು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ಈಗಿರುವ ಸ್ಟಾರ್ಟರ್ ಪೆಟ್ಟಿಗೆ ತೆರೆದ ಫೋಟೋವನ್ನೂ ಹಾಕಿ. ಮೇನ್ ಇಳಿಸಿ ತೆರೆಯಿರಿ. ಅದಕ್ಕೆ ಯಾವ ಡಬ್ಬಿ ಕೂರುತ್ತದೆ ಅಂತ ನೋಡಿ ಹೇಳುತ್ತೇನೆ.