ಬೆಂಕಿ ಬಿದ್ದಾಗ ಮಕ್ಕಳು ಅವಿತುಕೊಳ್ಳದಿರಲು

ಪ್ರಶ್ನೆ: ನಮಗೆ ಐದು ಮತ್ತು ಒಂಬತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳು. ಮನೆಗೆ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಸಲು ಹೊರಟರೆ ಚಿಕ್ಕವಳು ಹೆದರಿ, ‘ನಾನು ಮಂಚದ ಕೆಳಗೆ ಅವಿತುಕೊಳ್ಳುತ್ತೇನೆ’ ಎನ್ನುತ್ತಾಳೆ. ಹೆದರಿಸದೆ ಕಲಿಸುವ ದಾರಿ ಯಾವುದು?

ಉತ್ತರ: ನಿಮ್ಮ ಮಗಳ ಮಾತನ್ನು ದಯವಿಟ್ಟು ನಕ್ಕು ಮರೆಯಬೇಡಿ. ಹೆದರಿದ ಚಿಕ್ಕ ಮಕ್ಕಳು ನಿಜವಾಗಿಯೂ ಮಂಚದ ಕೆಳಗೆ ಅಥವಾ ಬೀರುವಿನೊಳಗೆ ಸೇರಿಕೊಳ್ಳುತ್ತಾರೆ. ಹೊಗೆ ತುಂಬಿದ ಕೋಣೆಯಲ್ಲಿ ಸದ್ದಿಲ್ಲದೆ ಅವಿತಿರುವ ಮಗುವನ್ನು ಹುಡುಕುವುದು ತರಬೇತಿ ಪಡೆದ ಅಗ್ನಿಶಾಮಕ ಸಿಬ್ಬಂದಿಗೂ ಬಹಳ ಕಷ್ಟ. ಆದ್ದರಿಂದ ‘ಬೆಂಕಿ ಕಂಡರೆ ಅವಿತುಕೊಳ್ಳಬಾರದು, ಹೊರಗೆ ಹೋಗಬೇಕು’ ಎಂಬುದೇ ಅವಳ ಮೊದಲ ಪಾಠವಾಗಲಿ. ಈ ಪಾಠ ಬಾಯಿಮಾತಿನಲ್ಲಿ ಮುಗಿಯದೆ ಕೈಕಾಲುಗಳಿಗೆ ರೂಢಿಯಾಗಬೇಕು, ಏಕೆಂದರೆ ಗಾಬರಿಯಲ್ಲಿ ನೆನಪಿಗೆ ಬರುವುದು ಕೇಳಿದ ಉಪದೇಶವಲ್ಲ, ಮಾಡಿ ಅಭ್ಯಾಸವಾದ ಕೆಲಸ.

ಒಂದು ಸಂಜೆ ಮಕ್ಕಳ ಜೊತೆ ನೀವೂ ಮಲಗುವ ಕೋಣೆಯ ನೆಲದ ಮೇಲೆ ಮಂಡಿಯೂರಿ ಕುಳಿತುಕೊಳ್ಳಿ. ಬಿಸಿ ಹೊಗೆ ಮೇಲಕ್ಕೇರುವುದರಿಂದ ಉಸಿರಾಡಬಹುದಾದ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ ಎಂದು ತಿಳಿಸಿ, ಗೋಡೆಯನ್ನು ಒಂದು ಕೈಯಿಂದ ಮುಟ್ಟುತ್ತಾ ಬಾಗಿಲವರೆಗೆ ಅಂಬೆಗಾಲಿಡಿಸಿ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ ಮುಟ್ಟಿ ನೋಡಲು ಹೇಳಿಕೊಡಿ. ಬಾಗಿಲು ಬಿಸಿಯಾಗಿದ್ದರೆ ಅದನ್ನು ತೆರೆಯದೆ ಎರಡನೆಯ ದಾರಿ ಹಿಡಿಯಬೇಕು. ಆ ದಾರಿಯೂ ಇಲ್ಲದಿದ್ದರೆ ಬಾಗಿಲ ಸಂದಿಗೆ ಬಟ್ಟೆ ತುರುಕಿ, ಕಿಟಕಿಯ ಬಳಿ ನಿಂತು ಕೂಗಬೇಕು, ಕೈಬೀಸಬೇಕು. ಹೊರಗೆ ಎಲ್ಲರೂ ಸೇರುವ ಜಾಗವೊಂದನ್ನು, ಒಂದು ಮರವನ್ನೋ ಎದುರಿನ ಗೇಟನ್ನೋ, ಮಕ್ಕಳಿಂದಲೇ ಆರಿಸಿಸಿ. ಅಲ್ಲಿಗೆ ತಲುಪಿದ ಮೇಲೆ ಆಟಿಕೆಗಾಗಲಿ ಸಾಕಿದ ಬೆಕ್ಕಿಗಾಗಲಿ ಒಳಗೆ ಮರಳಬಾರದು. ಈ ನಿಯಮ ದೊಡ್ಡವರಿಗೂ ಅಷ್ಟೇ ಅನ್ವಯಿಸುತ್ತದೆ. ಅಗ್ನಿಶಾಮಕ ಸಿಬ್ಬಂದಿ ಮುಖವಾಡ ಮತ್ತು ಉಸಿರಾಟದ ಸಿಲಿಂಡರ್ ಧರಿಸಿರುವ ಚಿತ್ರಗಳನ್ನೂ ತೋರಿಸಿ, ಮುಖವಾಡದ ಉಸಿರಿನ ಸದ್ದಿಗೆ ಹೆದರಿ ಓಡದೆ ‘ನಾನಿಲ್ಲಿದ್ದೇನೆ’ ಎಂದು ಕೂಗಲು ಹೇಳಿ.

ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನಿಂತು, ನೆಲಕ್ಕೆ ಬಿದ್ದು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಉರುಳಬೇಕೆಂಬುದನ್ನು ಬೇರೆ ದಿನ ಕಲಿಸಿ. ಎರಡನ್ನೂ ಒಟ್ಟಿಗೆ ಹೇಳಿಕೊಟ್ಟರೆ ಮಕ್ಕಳು ಯಾವ ಬೆಂಕಿ ಕಂಡರೂ ಉರುಳಬೇಕೆಂದು ತಿಳಿಯುವುದುಂಟು.

ಇನ್ನೊಂದು ಮಾತು. ಬೆಂಕಿಪೆಟ್ಟಿಗೆ ಮತ್ತು ಲೈಟರ್‌ಗಳನ್ನು ಮಕ್ಕಳ ಕೈಗೆ ಸಿಗದಂತೆ ಮೇಲಿಡುವುದು ಸರಿಯೇ. ಆದರೆ ಕಡ್ಡಿ ಗೀರಿದ್ದಕ್ಕೆ ಹೊಡೆತ ತಿಂದ ಮಗು ಮುಂದಿನ ಸಲ ಪರದೆಗೆ ಬೆಂಕಿ ಹತ್ತಿದರೂ ಹೇಳದೆ ಅಡಗೀತು. ‘ಯಾರಿಂದ ಹೊತ್ತಿಕೊಂಡರೂ ಸರಿ, ಬಂದು ಹೇಳಿದರೆ ಬೈಯುವುದಿಲ್ಲ’ ಎಂದು ಮಕ್ಕಳಿಗೆ ಮಾತು ಕೊಡಿ, ಕೊಟ್ಟ ಮಾತಿನಂತೆ ನಡೆದುಕೊಳ್ಳಿ.

ಪ್ರಶ್ನೆ: ಹೊಗೆ ಪತ್ತೆಹಚ್ಚುವ ಅಲಾರಂ ಹಾಕಿಸಿದ್ದೇವೆ. ರಾತ್ರಿಯ ಮಟ್ಟಿಗೆ ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಅಲಾರಂ ಅತ್ಯಗತ್ಯ, ಆದರೆ ಅದೊಂದೇ ಸಾಲದು. ನಿದ್ರೆಯಲ್ಲಿರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆಂದು ನಂಬುವಂತಿಲ್ಲ; ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಮಲಗಿದಲ್ಲೇ ಪ್ರಜ್ಞೆ ತಪ್ಪಿಸುತ್ತದೆ. ಅಲಾರಂ ಬೇಕಾಗಿರುವುದು ಇದಕ್ಕಾಗಿಯೇ. ಆದರೆ ಗಾಢ ನಿದ್ರೆಯಲ್ಲಿರುವ ಅನೇಕ ಮಕ್ಕಳು ಅದರ ಕೀರಲು ಸದ್ದಿಗೂ ಏಳುವುದಿಲ್ಲ. 5ರಿಂದ 12 ವರ್ಷದ ಮಕ್ಕಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಈ ಸದ್ದಿಗಿಂತ ತಾಯಿಯ ಧ್ವನಿಗೆ ಹೆಚ್ಚು ಮಕ್ಕಳು, ಅದೂ ಬೇಗನೆ, ಎಚ್ಚರಗೊಂಡಿದ್ದಾರೆ. ಹಾಗಾಗಿ ಅಲಾರಂ ಕೂಗಿದ ಕೂಡಲೇ ಯಾರು ಯಾವ ಮಗುವಿನ ಬಳಿಗೆ ಹೋಗಬೇಕೆಂಬುದನ್ನು ಮನೆಯ ಹಿರಿಯರು ಮೊದಲೇ ಗೊತ್ತುಮಾಡಿಕೊಳ್ಳಬೇಕು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಸಾಮಾನ್ಯವಾಗಿ 10 ವರ್ಷವಾದ ಉಪಕರಣವನ್ನು ಬದಲಾಯಿಸಬೇಕು. ಮಲಗುವಾಗ ಕೋಣೆಗಳ ಬಾಗಿಲು ಮುಚ್ಚಿಡಿ. ಮುಚ್ಚಿದ ಸಾಮಾನ್ಯ ಬಾಗಿಲು ಕೂಡ ಹೊಗೆ ಮತ್ತು ಬಿಸಿಯನ್ನು ತಡೆದು, ಹೊರಬರಲು ಬೇಕಾದ ಅಮೂಲ್ಯ ನಿಮಿಷಗಳನ್ನು ಒದಗಿಸುತ್ತದೆ.

ಪ್ರಶ್ನೆ: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದೇಕೆ?

ಉತ್ತರ: ನೀರು ಎಣ್ಣೆಗಿಂತ ಭಾರ. ಅದು ಉರಿಯುವ ಎಣ್ಣೆಯ ಕೆಳಗಿಳಿದು ಕ್ಷಣಮಾತ್ರದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಆ ರಭಸಕ್ಕೆ ಉರಿಯುತ್ತಿರುವ ಎಣ್ಣೆ ಸುತ್ತಲೂ ಎರಚಿಕೊಳ್ಳುತ್ತದೆ. ಒಲೆ ಆರಿಸಿ, ಬಾಣಲೆಯನ್ನು ಎತ್ತದೆ ಅಲುಗಿಸದೆ, ಪಕ್ಕದಿಂದ ಲೋಹದ ಮುಚ್ಚಳವನ್ನು ಸರಿಸಿ ಮುಚ್ಚಿ. ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬೇಡಿ, ತೆಗೆದರೆ ಗಾಳಿ ಸೋಕಿ ಮತ್ತೆ ಹೊತ್ತಿಕೊಳ್ಳಬಹುದು. ಬೆಂಕಿ ಬಾಣಲೆಯನ್ನು ದಾಟಿದ್ದರೆ ಆರಿಸುವ ಪ್ರಯತ್ನವನ್ನೇ ಬಿಟ್ಟು ಎಲ್ಲರನ್ನೂ ಹೊರಗೆ ಕರೆದೊಯ್ಯಿರಿ, ಅಗ್ನಿಶಾಮಕ ದಳಕ್ಕೆ ಹೊರಗಿನಿಂದ ಕರೆ ಮಾಡಿ.

ಪ್ರಶ್ನೆ: ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಬಹುದೇ?

ಉತ್ತರ: ಖಂಡಿತ ಬೇಡ, ಬೆಣ್ಣೆ, ಮಂಜುಗಡ್ಡೆಯೂ ಬೇಡ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಚಿಕ್ಕ ಮಕ್ಕಳಿಗೆ ಬೇಗ ಚಳಿ ಹಿಡಿಯುವುದರಿಂದ ಉಳಿದ ಮೈಯನ್ನು ಬೆಚ್ಚಗಿಡಿ. ಮಕ್ಕಳ ಚರ್ಮ ತೆಳುವಾದ್ದರಿಂದ ಗಾಯ ಆಳಕ್ಕಿಳಿಯುತ್ತದೆ. ಗುಳ್ಳೆ ಎದ್ದಿದ್ದರೆ ಅಥವಾ ಮುಖಕ್ಕೆ, ಕೈಗೆ, ಕೀಲಿಗೆ ಸುಟ್ಟಿದ್ದರೆ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.